ಎರಡ್ ಪೀಸ್ ಸಾರ್

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ನಮ್ಮ ರಾಯರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಬ್ಯಾಂಕೊಂದರ ಮ್ಯಾನೇಜರು, ಸಾಲ ಕೇಳಲು ಬಂದವರು ಅವರೆದುರು ಕೈಕಟ್ಟಿ ನಿಲ್ಲುತ್ತಾರೆ ಎಂಬುದೂ ಗೊತ್ತಿಲ್ಲ. ಇಲ್ಲಿ ನಿಲ್ಲುವವರು ರಾಯರು, ಕೂತಿರುವವನು ಕೌಂಟರಿನ ಹುಡುಗ. ಹುಡುಗರು ಅವರಿಗೆ ಇಟ್ಟ ಹೆಸರು ‘ಎರಡ್ ಪೀಸ್ ಸಾರ್’. ಯಾವ ಸಾಮಾನಾದರೂ ಸರಿ, ರಾಯರು ಕೇಳುವುದು ಎರಡೇ. ಒಂದು ಸುಡಲಿಕ್ಕೆ, ಇನ್ನೊಂದು ಬಳಸಲಿಕ್ಕೆ.

ಭಾನುವಾರ ಆ ಬೀದಿಯ ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ. ಹಾಗಾಗಿ 2015ರಲ್ಲಿ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಘೋಷಣೆಯಾದಾಗ ಮನೆಯವರು ತಿರುಪತಿಗೆ ಹೋಗುವ ಲೆಕ್ಕ ಹಾಕಿದರೆ ರಾಯರು ಟ್ರಾನ್ಸಿಸ್ಟರಿನ ಪಟ್ಟಿ ಬರೆಯಲು ಕೂತರು. ಅಂದಿನಿಂದ ಇದೇ ಕ್ರಮ. ಮೆಟ್ರೋ ಶುರುವಾದ ಮೇಲೆ ಜಯನಗರದಲ್ಲಿ ಅದನ್ನು ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯುವುದು, ‘ಸಾರ್, ಲ್ಯಾಪ್‌ಟಾಪ್ ಬೇಕಾ? ಸಿಸಿಟಿವಿ ಬೇಕಾ?’ ಎಂದು ದಾರಿಗಡ್ಡ ಬರುವವರನ್ನು ಕೈಯಾಡಿಸಿ ಸರಿಸುವುದು, ಸಾಲಾಗಿ ನಿಂತ ಸ್ಕೂಟರುಗಳ ನಡುವೆ ಅಡ್ಡಡ್ಡ ನುಸುಳಿ ಅಂಗಡಿಯ ಮೆಟ್ಟಿಲು ಹತ್ತುವುದು.

“ಮುನ್ನೂರೈವತ್ತು ಓಮ್, ಕಾಲು ವ್ಯಾಟ್, ಎರಡು ಪೀಸ್ ಕೊಡಪ್ಪ.”

“ಎರಡು ಪ್ಯಾಕೆಟ್ಟಾ ಸಾರ್?”

“ಅಲ್ಲಪ್ಪ, ಎರಡು ಪೀಸ್.”

ದಿನಸಿ ಅಂಗಡಿಗೆ ಹೋಗಿ ಎರಡು ಕಾಳು ಸಾಸಿವೆ ಕಟ್ಟಿಕೊಡಿ ಎಂದ ಹಾಗೆ. ಆದರೂ ಹುಡುಗ ಒಳ್ಳೆಯವನು. “ಮುನ್ನೂರಮೂವತ್ತು ಇದೆ, ಮುನ್ನೂರತೊಂಬತ್ತು ಇದೆ. ಮಧ್ಯದ್ದು ಕಂಪನೀನೇ ಮಾಡಲ್ಲ ಸಾರ್” ಎನ್ನುತ್ತಾನೆ.

ಈ ಮಾತು ರಾಯರಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ಹುಡುಗನ ಬಾಯಿಂದ ಹೊರಡಿಸಲೆಂದೇ ಕೇಳಿರುತ್ತಾರೆ. 9 ವೋಲ್ಟ್ ಬ್ಯಾಟರಿ, ಅದರಲ್ಲಿ ಕೆಂಪು ಎಲ್‌ಇಡಿ ಕಬಳಿಸುವುದು 2 ವೋಲ್ಟ್, ಉಳಿದ 7ನ್ನು 20 ಮಿಲಿಆಂಪಿಯರಿನಿಂದ ಭಾಗಿಸಿದರೆ ಕರಾರುವಾಕ್ಕಾಗಿ 350. ಈಗ ರಾಯರು ಕೌಂಟರಿಗೆ ಮೊಣಕೈ ಊರಿ ಶುರುಮಾಡುತ್ತಾರೆ: “ಹತ್ತರಿಂದ ನೂರರವರೆಗೆ 12 ಮೌಲ್ಯಗಳು ಮಾತ್ರ ಕಣಯ್ಯಾ. 10, 12, 15, 18, 22, 27, 33, 39, 47, 56, 68, 82. ಹತ್ತು ಪರ್ಸೆಂಟ್ ಹೆಚ್ಚುಕಮ್ಮಿ ಇಟ್ಟುಕೊಂಡರೆ ಒಂದರ ಕೊನೆ ಇನ್ನೊಂದರ ಮೊದಲಿಗೆ ಬಂದು ಸೇರುತ್ತೆ. ಅದಕ್ಕೇ ಮಧ್ಯದ್ದು ಬೇಕಾಗೋದೇ ಇಲ್ಲ!” ಬೇಕಾಗುವುದೇ ಇಲ್ಲದ್ದನ್ನು ತಾವೇಕೆ ಕೇಳಿದಿರಿ ಎಂದು ಹುಡುಗ ಕೇಳುವುದಿಲ್ಲ. ಅವನು ಆಗಲೇ 330ರ ಎರಡನ್ನು ಪಟ್ಟಿಯಿಂದ ಕಿತ್ತು ಮುಂದಿಟ್ಟಿರುತ್ತಾನೆ. ರಾಯರು ಕನ್ನಡಕವನ್ನು ಹಣೆಗೇರಿಸಿ, ರೆಸಿಸ್ಟರನ್ನು ಮೂಗಿನ ತುದಿಗೆ ಹಿಡಿದು ಬಣ್ಣದ ಗೆರೆ ಓದುತ್ತಾರೆ: ಕಿತ್ತಳೆ, ಕಿತ್ತಳೆ, ಕಂದು, ಕೊನೆಗೆ ಚಿನ್ನದ್ದು. ಕಂದೋ ಕೆಂಪೋ ಎಂಬ ಅನುಮಾನ ಪ್ರತಿಸಲವೂ ಬರುತ್ತದೆ. ಕೆಂಪಾದರೆ ಅದು 3,300 ಓಮ್. ದೀಪ ಹತ್ತಿದರೂ ಮಂಕಾಗಿ ಹತ್ತುತ್ತದೆ. ಅಂಗಡಿಯ ಹೊರಗೆ ಬಿಸಿಲಿಗೆ ಹೋಗಿ ನೋಡಿಕೊಂಡು ಬರುತ್ತಾರೆ.

ಆಮೇಲೆ 555ರ ಸರದಿ. ಎಂಟು ಕಾಲಿನ ಈ ಪುಟ್ಟ ಐಸಿ ಮುಂದೆ ಬಂದರೆ ರಾಯರಿಗೆ ಭಕ್ತಿ ಉಕ್ಕುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹಾನ್ಸ್ ಕ್ಯಾಮೆನ್ಜಿಂಡ್ ಎಂಬಾತ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗೆ ಇದನ್ನು ರೂಪಿಸಿದ್ದು, ಮರುವರ್ಷ ಪೇಟೆಗೆ ಬಂದದ್ದು, ಅರ್ಧ ಶತಮಾನ ಕಳೆದರೂ ಇನ್ನೂ ತಯಾರಾಗುತ್ತಿರುವುದು, ಎಲ್ಲವನ್ನೂ ಹೇಳುತ್ತಾರೆ. ಬೆನ್ನಿಗೆ ನಿಂತವನಿಗೆ ಬೇಕಾದದ್ದು ಚಿಪ್ ರೆಸಿಸ್ಟರಿನ ಹತ್ತು ರೀಲು. ಒಂದೊಂದು ರೀಲಿನಲ್ಲಿ 5000. ಅವನು ಗಡಿಯಾರ ನೋಡುತ್ತಾನೆ. ರಾಯರು ಅವನತ್ತ ತಿರುಗಿ, “ನಿಮಗೂ ಗೊತ್ತಿರಬೇಕಲ್ಲ?” ಎಂದು ಅವನನ್ನೂ ಮಾತಿಗೆ ಸೇರಿಸಿಕೊಳ್ಳುತ್ತಾರೆ. ಅಷ್ಟರಲ್ಲಿ ಹುಡುಗ ಐಸಿಯನ್ನು ಥರ್ಮೋಕೋಲ್ ತುಂಡಿಗೆ ಚುಚ್ಚಿ ಕೊಟ್ಟರೆ ಹೊಸ ರಗಳೆ. “ಇದಕ್ಕಾದರೆ ಪರವಾಗಿಲ್ಲ, ಆದರೆ 4017 ಐಸಿಯನ್ನು ಥರ್ಮೋಕೋಲಿಗೆ ಚುಚ್ಚಬೇಡ ಮಾರಾಯ, ಸ್ಟ್ಯಾಟಿಕ್ ಕರೆಂಟಿಗೆ ಸತ್ತುಹೋಗುತ್ತೆ. ಬೆಳ್ಳಿ ಕಾಗದದಲ್ಲಿ ಸುತ್ತು.” ಬೆಳ್ಳಿ ಕಾಗದ ರಾಯರ ಜೇಬಿನಲ್ಲೇ ಇರುತ್ತದೆ. ಮನೆಯಲ್ಲಿ ಚಪಾತಿ ಸುತ್ತುವ ಸುರುಳಿಯಿಂದ ಹರಿದದ್ದು.

ಎಲ್ಲ ಸೇರಿ 34 ರೂಪಾಯಿ. ರಾಯರು ಬಿಲ್ ಕೇಳುತ್ತಾರೆ, ಬ್ಯಾಂಕಿನವರಲ್ಲವೆ. ಮೊದಲೆಲ್ಲ ಚಿಲ್ಲರೆಯ ಗದ್ದಲದಲ್ಲಿ ವ್ಯಾಪಾರದ ಗಾತ್ರ ಮುಚ್ಚಿಹೋಗುತ್ತಿತ್ತು. ಈಗ ಫೋನಿನಲ್ಲಿ ದುಡ್ಡು ಕಳಿಸಿದೊಡನೆ ಗೋಡೆಯ ಮೇಲಿನ ಡಬ್ಬಿ ‘ಮೂವತ್ತನಾಲ್ಕು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಇಡೀ ಅಂಗಡಿಗೆ ಕೇಳುವಂತೆ ಸಾರುತ್ತದೆ. ರೀಲಿನವನು ಮುಗುಳ್ನಗುತ್ತಾನೆ. ರಾಯರು ಕೆಮ್ಮುತ್ತಾರೆ.

ಇಷ್ಟಕ್ಕೇ ನಿಂತಿದ್ದರೆ ರಾಯರು ನಿರುಪದ್ರವಿ. ಆದರೆ ಹುಡುಗ ಒಂದು ದಿನ ಸಹಜವಾಗಿ ಅಂದುಬಿಟ್ಟ: “ಬಿಡಿಯಾದರೆ ಒಂದು ರೂಪಾಯಿ ಸಾರ್, ನೂರರ ಕಟ್ಟು ತಗೊಂಡರೆ ಐವತ್ತೇ.” ಬಡ್ಡಿಯ ಲೆಕ್ಕದಲ್ಲಿ ಬೆಳೆದ ಜೀವಕ್ಕೆ ಇದು ಸಿಡಿಲಿನ ಹಾಗೆ ಬಡಿಯಿತು. ಒಂದಕ್ಕೆ ಅರ್ಧ ರೂಪಾಯಿ ಉಳಿತಾಯ! ಎರಡು ರೂಪಾಯಿ ಖರ್ಚು ಮಾಡಬೇಕಿದ್ದವರು ಐವತ್ತು ಉಳಿಸಿಕೊಂಡು ಮನೆಗೆ ಬಂದರು. ಬೇಕಾಗಿದ್ದದ್ದು ಎರಡು, ಬಂದದ್ದು ನೂರು. ಉಳಿದ 98ನ್ನು ಏನು ಮಾಡುವುದೆಂದು ಆ ರಾತ್ರಿ ಯೋಚಿಸುತ್ತ ಮಲಗಿದರಲ್ಲ, ರಾಯರ ನಿಜವಾದ ಹವ್ಯಾಸ ಹುಟ್ಟಿದ್ದು ಆಗ.

ಆನ್‌ಲೈನ್ ಅಂಗಡಿಗಳು ಬಂದ ಮೇಲಂತೂ ಉಳಿತಾಯ ಕೈಮೀರಿತು. ಬೇಕಾದದ್ದು 38 ರೂಪಾಯಿಯ ಸಾಮಾನು, ಡೆಲಿವರಿಗೆ 60. ಸಾಮಾನಿಗಿಂತ ಸಾಗಣೆ ಹೆಚ್ಚೆ? ರಾಯರ ಸ್ವಾಭಿಮಾನ ಒಪ್ಪದು. 500 ದಾಟಿದರೆ ಡೆಲಿವರಿ ಉಚಿತ ಎಂದು ಕೆಳಗೆ ಬರೆದಿದೆ. ರಾತ್ರಿ ಹನ್ನೊಂದರವರೆಗೆ ಕೂತು ಬಜರು, ರಿಲೇ, ಹೀಟ್‌ಸಿಂಕು, ನೆಲದ ತೇವ ಅಳೆಯುವ ಕಡ್ಡಿ ಎಂದು ಒಂದೊಂದನ್ನೇ ಬುಟ್ಟಿಗೆ ಹಾಕಿ 503ಕ್ಕೆ ತಂದು ನಿಲ್ಲಿಸುತ್ತಾರೆ. ಅರವತ್ತು ರೂಪಾಯಿ ಉಳಿಯಿತೆಂಬ ನೆಮ್ಮದಿಯಲ್ಲಿ ನಿದ್ದೆ ಬರುತ್ತದೆ. ನಾಲ್ಕು ದಿನಕ್ಕೆ ಷೂ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಮನೆಗೆ ಬರುತ್ತದೆ. ಅದರೊಳಗೆ ಗಾಳಿಗುಳ್ಳೆಯ ಪ್ಲಾಸ್ಟಿಕ್ಕು, ಅದರೊಳಗೆ ಬೆಳ್ಳಿ ಬಣ್ಣದ ಚೀಲ, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಅದರ ಬೆನ್ನಿಗೆ ಅಂಟಿಕೊಂಡು ಒಂದು ಐಸಿ. ರಾಯರು ಯಾವುದನ್ನೂ ಬಿಸಾಡುವುದಿಲ್ಲ. ಸಿಲಿಕಾ ಜೆಲ್ಲಿಗೂ ಒಂದು ಡಬ್ಬಿ ಇದೆ.

ಡಬ್ಬಿಗಳು ಅಡುಗೆಮನೆಯಿಂದ ಬಂದವು. ಹಾರ್ಲಿಕ್ಸ್ ಬಾಟಲಿಯಲ್ಲಿ ಕೆಪಾಸಿಟರು, ಬಿಸ್ಕತ್ತಿನ ಟಿನ್ನಿನಲ್ಲಿ ವೈರು, ಒಗ್ಗರಣೆ ಡಬ್ಬಿಯ ಏಳು ಬಟ್ಟಲಲ್ಲಿ ಏಳು ಬಗೆಯ ಎಲ್‌ಇಡಿ. “ಸಾಸಿವೆ ಎಲ್ಲಿಡಲಿ?” ಎಂದು ಮನೆಯಾಕೆ ಕೇಳಿದ್ದಕ್ಕೆ ಒಂದು ಬೆಳ್ಳಿ ಚೀಲ ಕೊಟ್ಟರು. ಸ್ಟ್ಯಾಟಿಕ್ ತಗುಲುವುದಿಲ್ಲವಂತೆ. ಒಂದು ಐಸಿ ಕೈಜಾರಿ ನೆಲಕ್ಕೆ ಬಿದ್ದರೆ ಹುಡುಕುವ ಕಷ್ಟವೂ ಇಲ್ಲ. ಅದು ಕಾಲುಗಳನ್ನು ಮೇಲೆ ಮಾಡಿಕೊಂಡೇ ಬಿದ್ದಿರುತ್ತದೆ, ಮನೆಯವರಲ್ಲಿ ಯಾರಾದರೊಬ್ಬರು ಬರಿಗಾಲಲ್ಲಿ ತುಳಿದು ಕೂಗುತ್ತಾರೆ.

ಕೆಲಸಕ್ಕೆ ಸಾಮಾನು ತರುವುದು ಲೋಕರೂಢಿ. ರಾಯರದು ತಂದ ಸಾಮಾನಿಗೆ ಕೆಲಸ ಹುಡುಕುವ ದಾರಿ. ಎಲ್‌ಇಡಿ ನೂರಾರು ಉಳಿದಿವೆಯೆಂದು 555ಕ್ಕೆ 4017 ಜೋಡಿಸಿ ಬಡಾವಣೆಯ ಗಣೇಶನ ತಲೆಯ ಹಿಂದೆ ತಿರುಗುವ ಚಕ್ರ ಮಾಡಿಕೊಟ್ಟರು. ಬಿಸಿ 547 ಟ್ರಾನ್ಸಿಸ್ಟರು ಉಳಿದಿವೆಯೆಂದು ನೀರಿನ ಟ್ಯಾಂಕ್ ತುಂಬಿದರೆ ಕೂಗುವ ಯಂತ್ರ ಕಟ್ಟಿದರು. ಬೀದಿ ಕೊನೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ. “ಸಿಗಬಹುದು, ಅದರೊಳಗೆ ಏನಿದೆ ಅಂತ ಅವನಿಗೆ ಗೊತ್ತಾ?” ಎಂಬುದು ರಾಯರ ಪ್ರಶ್ನೆ. ರಾಯರ ಯಂತ್ರದೊಳಗೆ ಏನಿದೆ ಎಂದು ರಾಯರಿಗೆ ಚೆನ್ನಾಗಿ ಗೊತ್ತು. ನೀರಿಗಿಳಿಸಿದ ತಾಮ್ರದ ತಂತಿ ಮಾತ್ರ ವಿದ್ಯುತ್ ಹರಿದು ಹರಿದು ಹಸಿರುಗಟ್ಟಿತು. ಈಗ ಟ್ಯಾಂಕ್ ತುಂಬಿದರೆ ಕೂಗುವವರು ಎದುರು ಮನೆಯವರು.

ಮಹಡಿಯ ಮೇಲಿನ ಬಾಡಿಗೆಯವರ ಮಗ ಇಂಜಿನಿಯರಿಂಗ್ ಓದುತ್ತಾನೆ. ವೈವಾದ ಹಿಂದಿನ ರಾತ್ರಿ ಅವನ 7805 ರೆಗ್ಯುಲೇಟರು ಸುಟ್ಟಿತು. ಒಂಬತ್ತು ಗಂಟೆಗೆ ಬಂದು, “ಅಂಕಲ್, ಒಂದು ಪೀಸ್ ಇದೆಯಾ?” ಎಂದ. ಇಷ್ಟು ವರ್ಷಗಳಲ್ಲಿ ರಾಯರ ಬಳಿ ಒಬ್ಬರು ಒಂದು ಪೀಸ್ ಕೇಳಿದ್ದು ಅದೇ ಮೊದಲು. ಕೂರಿಸಿದರು, ಕಾಫಿ ಕೊಡಿಸಿದರು. ಸುಟ್ಟದ್ದೇಕೆಂದು ಕಾಗದದ ಮೇಲೆ ಬಿಡಿಸಿ ತೋರಿಸಿದರು: 12 ವೋಲ್ಟ್ ಒಳಗೆ, 5 ಹೊರಗೆ, ಅರ್ಧ ಆಂಪಿಯರ್ ಎಳೆದರೆ ಮೂರೂವರೆ ವ್ಯಾಟ್ ಬರೀ ಶಾಖ, ಹೀಟ್‌ಸಿಂಕ್ ಹಾಕದೆ ಬಿಟ್ಟರೆ ಕಾಯದೆ ಇನ್ನೇನು? ಅಲ್ಲಿಂದ ಕ್ಯಾಮೆನ್ಜಿಂಡ್, ಅಲ್ಲಿಂದ 12 ಮೌಲ್ಯಗಳು. ಹುಡುಗ ಮಹಡಿ ಹತ್ತಿದಾಗ ಹನ್ನೆರಡು ದಾಟಿತ್ತು. ದುಡ್ಡು ಕೊಡಲು ಬಂದರೆ ರಾಯರು ಸುತರಾಂ ಮುಟ್ಟಲಿಲ್ಲ.

ಮುಂದಿನ ತಿಂಗಳು ಅವನಿಗೆ ಎರಡು ರೂಪಾಯಿಯ ಒಂದು ಕೆಪಾಸಿಟರು ಬೇಕಾಯಿತು. ಹಾರ್ಲಿಕ್ಸ್ ಬಾಟಲಿ ತುಂಬ ಅದು ಕೆಳಗಡೆ ಇದೆಯೆಂದು ಅವನಿಗೆ ಗೊತ್ತಿತ್ತು. ಸದ್ದಿಲ್ಲದೆ ಆನ್‌ಲೈನಿನಲ್ಲಿ ತರಿಸಿಕೊಂಡ. ಪೆಟ್ಟಿಗೆ ಬಂದಾಗ ಗೇಟಿನ ಹತ್ತಿರ ರಾಯರೇ ಇದ್ದರು.

“ಡೆಲಿವರಿಗೆ ಎಷ್ಟಾಯ್ತೋ?”

“ನೂರೈವತ್ತು ಅಂಕಲ್. ಅರ್ಜೆಂಟಿತ್ತು.”

ರಾಯರ ಮುಖ ಸಪ್ಪಗಾಯಿತು. ತಮ್ಮ ಬಳಿ ಬರಲಿಲ್ಲವೆಂದು ನೊಂದರೇನೋ ಎಂದು ಹುಡುಗ ತಲೆ ತಗ್ಗಿಸಿದ. ರಾಯರು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

“ಅಲ್ಲಯ್ಯಾ, ಇನ್ನೊಂದು ಐನೂರರ ಸಾಮಾನು ಹಾಕಿದ್ದರೆ ಅದು ಫ್ರೀ ಆಗ್ತಿತ್ತಲ್ಲೋ!”