ಚೀಲ ಕಾಯುವ ವಯಸ್ಸು

ವಂಡರ್‌ಲಾಗೆ ಹೋಗುವ ಪ್ರತಿ ಕುಟುಂಬದಲ್ಲೂ ಚೀಲ ಕಾಯುವವರು ಅಂತ ಒಬ್ಬರಿರುತ್ತಾರೆ. ರೋಲರ್ ಕೋಸ್ಟರಿನ ಬುಡದಲ್ಲಿ, ನೆರಳು ಎಲ್ಲಿಯವರೆಗೆ ಚಾಚಿದೆಯೋ ಅಲ್ಲಿಯವರೆಗೂ ಇವರದೇ ಸಾಲು. ಮಡಿಲಲ್ಲಿ ಮೂರು ಬ್ಯಾಗು, ಕೈಯಲ್ಲಿ ಅಳಿಯನ ಮೊಬೈಲು, ಕುತ್ತಿಗೆಯಲ್ಲಿ ಮೊಮ್ಮಗಳ ನೀರಿನ ಬಾಟಲಿ, ಕಾಲ ಬಳಿ ಯಾರದೋ ಚಪ್ಪಲಿ. ಬಾಡಿಗೆಗೆ ಲಾಕರ್ ಸಿಗುತ್ತದೆ, ನಿಜ. ಆದರೆ ಮನೆಯಲ್ಲೇ ಗಟ್ಟಿಮುಟ್ಟಾದ ಹಿರಿಯರೊಬ್ಬರು ಇರುವಾಗ ಯಾರಾದರೂ ಲಾಕರಿಗೆ ದುಡ್ಡು ಸುರಿಯುತ್ತಾರೆಯೇ?

ಈ ಹುದ್ದೆಗೆ ಅರ್ಜಿ ಹಾಕಬೇಕಾಗಿಲ್ಲ, ಸೀನಿಯಾರಿಟಿ ಮೇಲೆ ತಾನಾಗಿ ಬರುತ್ತದೆ. ಬಹಳ ವರ್ಷಗಳ ನಂತರ ಮತ್ತೆ ಬಿಡದಿಯ ಆ ಪಾರ್ಕಿನ ದಾರಿ ಹಿಡಿದಾಗ ನನಗಿದ್ದ ಹೆದರಿಕೆ ರೋಲರ್ ಕೋಸ್ಟರಿನದಲ್ಲ, ಈ ಬಡ್ತಿಯದು.

2005ರಲ್ಲಿ ಈ ಪಾರ್ಕು ಶುರುವಾದ ಹೊಸತರಲ್ಲಿ ನಾನು ಚೀಲ ಕೊಟ್ಟು ಓಡುವವರ ಪೈಕಿ. ಕಟ್ಟಿಸಿದವರು ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. ಮೊದಲು ವಿ-ಗಾರ್ಡ್ ಸ್ಟೆಬಿಲೈಸರ್ ಮಾಡಿ, ಮನೆಗಳ ಕರೆಂಟು ಮೇಲೆ ಕೆಳಗೆ ಆಗದಂತೆ ಹಿಡಿದು ನಿಲ್ಲಿಸಿದವರು. ಆಮೇಲೆ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್, ಐದು ವರ್ಷಕ್ಕೆ ನಮ್ಮ ಬಿಡದಿ. ಕರೆಂಟಿಗೆ ಸ್ಥಿರತೆ ತಂದುಕೊಟ್ಟ ಮನುಷ್ಯ ಮನುಷ್ಯರನ್ನೇ ಮೇಲೆ ಕೆಳಗೆ ಮಾಡುವ ಉದ್ಯೋಗಕ್ಕೆ ಇಳಿದದ್ದು ನನಗೆ ಇವತ್ತಿಗೂ ತಮಾಷೆಯಾಗಿಯೇ ಕಾಣುತ್ತದೆ.

ಬಿಡದಿ ಅಂದ ಮೇಲೆ ತಟ್ಟೆ ಇಡ್ಲಿಯ ಪ್ರಶ್ನೆ ಬಂದೇ ಬರುತ್ತದೆ. ಹೋಗುವಾಗಲೋ, ಬರುವಾಗಲೋ? ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಗಿಳಿಸಿ, ಮೇಲೊಂದು ವಡೆ ಹಾಕಿ, ನೇರ ಹೋಗಿ ತಲೆಕೆಳಗಾಗುವುದು ಇಡ್ಲಿಗೂ ಅವಮಾನ, ಮುಂದಿನ ಸೀಟಿನವರಿಗೂ ಅಪಾಯ. ಬರುವಾಗಲೇ ಎಂದು ತೀರ್ಮಾನವಾಯಿತು. ನಾನು ಮಾತ್ರ ಕಾರಿನ ಕಿಟಕಿಯಿಂದ ಆ ಹೋಟೆಲುಗಳ ಹಬೆಯನ್ನು ನೋಡುತ್ತಾ ಹೋದೆ.

ರೀಕಾಯಿಲ್ ಎಂಬ ಕೋಸ್ಟರಿನ ಎದುರು ನಿಂತ ತಕ್ಷಣ ತಂಗಿಯ ಮಗ ನಾನು ಅಂಜಿದ್ದ ಮಾತನ್ನೇ ಆಡಿದ. “ಮಾಮ, ನೀವು ಇಲ್ಲೇ ಬ್ಯಾಗ್ ನೋಡ್ಕೊಂಡು ಕೂತಿರಿ. ಬಿಪಿ ಇರೋರು ಹತ್ತಬಾರದಂತೆ.”

“ನನಗೆಲ್ಲೋ ಬಿಪಿ? ಬಿಪಿ ಇರೋದು ನಿಮ್ಮತ್ತೆಗೆ.”

“ನನಗೆ ಬಂದಿದ್ದೇ ಇವರಿಂದ” ಎಂದು ನನ್ನವಳು ಬ್ಯಾಗುಗಳನ್ನೆಲ್ಲ ಎಳೆದುಕೊಂಡು ಬೆಂಚಿನ ಮೇಲೆ ಕೂತಳು.

ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಮಂಡ್ಯ ಕಡೆಯ ಅಜ್ಜಿಯೊಬ್ಬರು ಕತ್ತೆತ್ತಿ ಕೇಳಿದರು: “ಅಲ್ಲ ಕಪ್ಪ, ತಲೆಕೆಳಗಾದ್ರೆ ಉದುರ್ಕಳಕಿಲ್ವ?” ನಾನು ಉತ್ಸಾಹದಿಂದ ವಿವರಿಸಿದೆ. ಚಕ್ರ ಹಳಿಯ ಮೇಲೆ ಮಾತ್ರ ಇರುವುದಿಲ್ಲ, ಪಕ್ಕದಲ್ಲೊಂದು, ಹಳಿಯ ಅಡಿಯಲ್ಲೂ ಒಂದು ಇರುತ್ತದೆ. ಅಮೆರಿಕದ ಜಾನ್ ಮಿಲ್ಲರ್ ಎಂಬಾತ 1919ರಲ್ಲೇ ಈ ಅಡಿ ಚಕ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಗಾಡಿ ಹಳಿಯನ್ನು ಬಿಡಬೇಕೆಂದರೂ ಬಿಡಲಾರದು. ಅಜ್ಜಿ ಎಲ್ಲವನ್ನೂ ಸಮಾಧಾನದಿಂದ ಕೇಳಿ, “ಬೀಳಕಿಲ್ಲ ಅಂದ್ಮ್ಯಾಕೆ ಅದ್ಯಾಕಂಗೆ ಕಿರುಚ್ಕತ್ತವೆ?” ಅಂದರು. ಗುರು ಸಿಕ್ಕಿದ ಭಕ್ತಿಯಿಂದ ನನ್ನವಳು ಅವರತ್ತ ಸರಿದು ಕೂತಳು. ನಾನು ಕ್ಯೂ ಕಡೆ ನಡೆದೆ.

ಹೆದರಿದವನಿಗೆ ಮಾತು ಜಾಸ್ತಿ. ಕ್ಯೂನಲ್ಲಿ ನನ್ನ ಉಪನ್ಯಾಸ ಮುಂದುವರಿಯಿತು. 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಕಟ್ಟಿದ ಗಾಡಿಗೆ ಟಿಕೆಟ್ಟು ಐದು ಸೆಂಟ್, ವೇಗ ಗಂಟೆಗೆ ಹತ್ತು ಕಿಲೋಮೀಟರಿಗಿಂತ ಕೊಂಚ ಕಡಿಮೆ. ಅಂದರೆ ಸಂಜೆ ಆರಕ್ಕೆ ಮೈಸೂರು ರಸ್ತೆಯ ಫ್ಲೈಓವರ್ ಬಳಿ ನಮ್ಮ ಕಾರು ಓಡುವಷ್ಟು. ಅಷ್ಟಕ್ಕೇ ಜನ ಮುಗಿಬಿದ್ದರು! 1895ರಲ್ಲಿ ಅಲ್ಲೇ ಫ್ಲಿಪ್ ಫ್ಲಾಪ್ ಅಂತ ಇನ್ನೊಂದು ಬಂತು, ಸುತ್ತು ಪೂರ್ತಿ ದುಂಡಗೆ. ದುಂಡಗಿನ ಸುತ್ತಿಗೆ ಜೋರಾಗಿ ನುಗ್ಗಿದರೆ ಮೈಭಾರ ಒಮ್ಮೆಲೇ ಹಲವು ಪಟ್ಟಾಗಿ ಕತ್ತಿನ ಮೇಲೆ ಕೂರುತ್ತದೆ. ಹತ್ತಿದವರು ಕತ್ತು ಹಿಡಿದುಕೊಂಡು ಇಳಿಯುತ್ತಿದ್ದರು. ಸುತ್ತಿನ ಬುಡ ಅಗಲವಾಗಿ, ನೆತ್ತಿ ಕಿರಿದಾಗಿರಬೇಕು ಎಂಬ ಲೆಕ್ಕವನ್ನು ವರ್ನರ್ ಸ್ಟೆಂಗಲ್ ಎಂಬ ಜರ್ಮನ್ ಎಂಜಿನಿಯರು ಉಕ್ಕಿನ ಹಳಿಯಲ್ಲಿ ಮಾಡಿ ತೋರಿಸಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮುಂದೆ ನಿಂತಿದ್ದ ಹುಡುಗ ಮರ್ಯಾದೆಗೆ ಒಂದು ಕಿವಿಯ ಇಯರ್‌ಫೋನ್ ತೆಗೆದ. ಇನ್ನೊಂದನ್ನು ತೆಗೆಯಲಿಲ್ಲ.

“ಮಾಮ, ಭಯ ಆಗ್ತಿದ್ರೆ ಹೇಳಿ” ಅಂದ ನಮ್ಮವನು.

ರೀಕಾಯಿಲ್‌ನ ಕುಚೋದ್ಯ ಅದರ ಶುರುವಿನಲ್ಲೇ ಇದೆ. ಬೇರೆ ಕೋಸ್ಟರುಗಳು ಮುಂದಕ್ಕೆ ಏರುತ್ತವೆ, ಏರುವಾಗ ಆಕಾಶವಾದರೂ ಕಾಣುತ್ತದೆ. ಬೂಮರಾಂಗ್ ಜಾತಿಯ ಈ ಗಾಡಿ ಬೆನ್ನ ಕಡೆಯಿಂದ ಎಳೆಸಿಕೊಂಡು ಹಿಮ್ಮುಖವಾಗಿ ಏರುತ್ತದೆ. ಬೀಳಬೇಕಾದ ಜಾಗವನ್ನೇ ನೋಡುತ್ತಾ, ಭುಜದ ಕಂಬಿಗೆ ಜೋತುಬಿದ್ದು ಹೋಗಬೇಕು. ಕೆಳಗೆ ನನ್ನವಳು ಕಂಡಳು. ಅಜ್ಜಿಯ ಕಡಲೆಕಾಯಿ ತಿನ್ನುತ್ತಿದ್ದಳು. ಕೈಬೀಸಲಿಲ್ಲ.

ತುದಿಯಲ್ಲಿ ಕೊಂಡಿ ಬಿಟ್ಟ ಮೇಲೆ ಎಂಜಿನ್ನೂ ಇಲ್ಲ, ಡ್ರೈವರೂ ಇಲ್ಲ, ಉಳಿದದ್ದೆಲ್ಲ ಗುರುತ್ವದ ಜವಾಬ್ದಾರಿ. ಹೊಟ್ಟೆ, ಕರುಳು ಎಲ್ಲ ನಮ್ಮ ಜೊತೆಗೇ ಬೀಳುತ್ತಿರುವುದರಿಂದ ಅವುಗಳ ಭಾರವೇ ಮಾಯವಾಗುತ್ತದೆ. ಹೊಟ್ಟೆಯಲ್ಲಿ ಏನೋ ಖಾಲಿಯಾದಂತೆ ಆಗುವುದು ಅದಕ್ಕೇ. ಇಡ್ಲಿಯನ್ನು ಮುಂದೂಡಿದ ನಮ್ಮ ದೂರದೃಷ್ಟಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮೂರು ಸಲ ತಲೆಕೆಳಗಾದೆವು. ಗಾಳಿ, ಘರ್ಷಣೆ ವೇಗವನ್ನು ಕದ್ದದ್ದರಿಂದ ಗಾಡಿ ಎದುರಿನ ಏರನ್ನು ಪೂರ್ತಿ ಹತ್ತಲಾರದೆ ಸುಸ್ತಾಯಿತು, ಸರಪಳಿ ಬಂದು ಉಳಿದಷ್ಟನ್ನು ಎಳೆಯಿತು. ಮುಗಿಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಅದೇ ದಾರಿಯಲ್ಲಿ ಹಿಂದಕ್ಕೆ! ಮತ್ತೆ ಮೂರು ಸಲ, ಈ ಬಾರಿ ಮುಂದಿನದೇನೂ ಕಾಣದೆ.

ಆಫೀಸಿನಲ್ಲಿ, ಮನೆಯಲ್ಲಿ, ಬ್ಯಾಂಕಿನಲ್ಲಿ ಎಷ್ಟೆಷ್ಟೋ ಸಲ ಕಿರುಚಬೇಕೆನಿಸಿ ಬಾಯಿ ಮುಚ್ಚಿಕೊಂಡಿದ್ದೇನೆ. ಗೃಹಸ್ಥನೊಬ್ಬ ಗಂಟಲು ಹರಿಯುವಂತೆ ಕೂಗಿದರೂ “ಏನಾಯ್ತ್ರೀ?” ಎಂದು ಯಾರೂ ಕೇಳದ ಜಾಗ ಇದೊಂದೇ. ಅಜ್ಜಿಯ ಪ್ರಶ್ನೆಗೆ ಇದನ್ನೇ ಉತ್ತರವಾಗಿ ಹೇಳೋಣವೆಂದು ತೂರಾಡುತ್ತಾ ಬೆಂಚಿಗೆ ಬಂದೆ. ಅವರು ಮೊಮ್ಮಕ್ಕಳ ಜೊತೆ ಎದ್ದು ಹೋಗಿಯಾಗಿತ್ತು.

“ನೋಡಿದ್ಯಾ?” ಎಂದು ನನ್ನವಳ ಮುಂದೆ ಎದೆಯುಬ್ಬಿಸಿದೆ.

“ನೋಡಲಿಲ್ಲ, ಕೇಳಿಸ್ತು” ಅಂದಳು.

ಮುಂದಿನದು ನೀರಿನಾಟ. ತಂಗಿಯ ಮಗ ಅಲ್ಲಿಯ ನಿಯಮ ಓದಿ ಹೇಳಿದ. ಕಾಟನ್ ಬಟ್ಟೆ ನಡೆಯುವುದಿಲ್ಲ, ಮೈಗಂಟುವ ನೈಲಾನ್ ಉಡುಪೇ ಆಗಬೇಕು. ಅಂಗಡಿಯವನು ನನ್ನ ಹೊಟ್ಟೆಯನ್ನು ಕಣ್ಣಲ್ಲೇ ಅಳೆದು ದೊಡ್ಡ ಸೈಜಿಗೆ ಕೈಹಾಕುತ್ತಿದ್ದ. ನಾನು ಹೆಂಡತಿಯ ಮಡಿಲಿನಿಂದ ಬ್ಯಾಗುಗಳನ್ನು ಒಂದೊಂದಾಗಿ ಎತ್ತಿ ಹೆಗಲಿಗೇರಿಸಿಕೊಂಡೆ.

“ನೀನು ಹೋಗಿ ಬಾರೇ, ಪಾಪ, ಬೆಳಗ್ಗಿಂದ ಕೂತಿದೀಯ” ಅಂದೆ.