ಪಾಯಿಂಟಪ್ಪನ ಉಪಗ್ರಹಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಬೋರ್ ಹಾಕಿಸಿದವರಿಗೆಲ್ಲ ಪಾಯಿಂಟಪ್ಪ ಗೊತ್ತು. ಹೆಸರು ಊರೂರಿಗೆ ಬೇರೆ, ಕಸುಬು ಒಂದೇ: ನೆಲದಡಿಯ ನೀರು ನೋಡಿ ಪಾಯಿಂಟ್ ಮಾಡುವುದು. ಅವನ ಅಪ್ಪ ಬೇವಿನ ಕವಲುಕಡ್ಡಿ ಹಿಡಿದು ಹೊಲ ಸುತ್ತುತ್ತಿದ್ದ. ಇವನೂ ಮೊದಮೊದಲು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದು, ಅದು ನೆಟ್ಟಗೆ ಎದ್ದು ನಿಂತ ಕಡೆ ಕಲ್ಲು ಇಡಿಸುತ್ತಿದ್ದ. ಈಗ ಕಾಯಿ ಪೂಜೆಗೆ ಮಾತ್ರ. ಕೈಗೆ ಮಿಷನ್ ಬಂದಿದೆ.

ಪಿಸ್ತೂಲಿನಂಥ ಹಿಡಿ, ಮುಂದಕ್ಕೆ ಸಡಿಲವಾಗಿ ಓಲಾಡುವ ಸ್ಟೀಲ್ ಆಂಟೆನಾ, ಮೇಲೊಂದು ಪುಟ್ಟ ಪರದೆ. ಅದಕ್ಕೆ ಜಿಪಿಎಸ್ ಸೇರಿದ ಮೇಲೆ ಫೀಸೂ ಏರಿದೆ. ಹೊಲಕ್ಕೆ ಇಳಿಯುವ ಮೊದಲು ಎಲ್ಲರ ಫೋನ್ ಆಫ್ ಮಾಡಿಸುತ್ತಾನೆ, 'ಫ್ರೀಕ್ವೆನ್ಸಿ' ಕೆಡುತ್ತದಂತೆ. ಅವನ ಫೋನಿನಿಂದ ಮಾತ್ರ ಏನೂ ಕೆಡುವುದಿಲ್ಲ. ಹುಣಸೆಮರದ ನೆರಳಿಗೆ ಬಂದ ಗೌಡರನ್ನು ಬಿಸಿಲಿಗೆ ಎಳೆದು ನಿಲ್ಲಿಸಿ, ಆಕಾಶ ನೋಡುತ್ತ ಎಣಿಸುತ್ತಾನೆ.

"ಹನ್ನೊಂದು ಸಿಕ್ಕವೆ ಗೌಡ್ರೇ!"

"ನೀರಿನ ಸೆಲೆನಾ?"

"ಅಲ್ಲ, ಸ್ಯಾಟಲೈಟು."

ಆಂಟೆನಾ ಗಿರಕ್ಕನೆ ತಿರುಗುತ್ತದೆ. ಅಲ್ಲಿಗೆ ತೀರ್ಪಾಯಿತು. "ನಾನೂರೆಂಬತ್ತು ಅಡಿಗೆ ಮೊದಲ ಗ್ಯಾಪು, ಎರಡೂವರೆ ಇಂಚು ನೀರು." ಅರಿಶಿನ ಕುಂಕುಮ ಹಚ್ಚಿದ ಚೀಟಿಯಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಡುತ್ತಾನೆ, ದಶಾಂಶ ಬಿಂದುವಿನಾಚೆ ಎಂಟು ಅಂಕಿ. ಈ ಎಂಟನೆಯ ಅಂಕಿ ಇದೆಯಲ್ಲ, ಅದರ ಬೆಲೆ ಸುಮಾರು ಒಂದು ಮಿಲಿಮೀಟರ್. ತೋಡುವ ತೂತು ಆರೂವರೆ ಇಂಚಿನದು. ಫೋನಿನ ಜಿಪಿಎಸ್ಸೋ, ಬಟಾಬಯಲಿನಲ್ಲೂ ಐದು ಮೀಟರ್ ಆಚೀಚೆ ಆಗುವಂಥದ್ದು. ಇಷ್ಟಕ್ಕೂ 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಆ ಉಪಗ್ರಹಗಳು ಹೇಳುವುದು ತಾವೆಲ್ಲಿದ್ದೇವೆ, ಗಂಟೆ ಎಷ್ಟು ಎಂದಷ್ಟೇ. ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು ನಾವೆಲ್ಲಿ ನಿಂತಿದ್ದೇವೆಂದು ಲೆಕ್ಕ ಹಾಕುವುದು ನಮ್ಮ ಕೈಯಲ್ಲಿರುವ ಯಂತ್ರ. ತಾರಸಿ ದಾಟಿ ಮನೆಯೊಳಗೆ ಬರಲಿಕ್ಕೇ ಒದ್ದಾಡುವ ಆ ಸಂಕೇತಕ್ಕೆ ಕರಿಕಲ್ಲಿನ ಕೆಳಗಿನ ಗಂಗಮ್ಮ ಕಾಣುವಳೇ?

ಓಲಾಡುವ ಆಂಟೆನಾದ ಮನೆತನವೇನೂ ಸಣ್ಣದಲ್ಲ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಗಾಲ್ಫ್ ಚೆಂಡು ಹುಡುಕುವ ಆಟಿಕೆಯನ್ನೇ ಬಾಂಬ್ ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ. 2013ರಲ್ಲಿ ಲಂಡನ್ನಿನ ಕೋರ್ಟು ಹತ್ತು ವರ್ಷ ಜೈಲು ಕೊಟ್ಟಿತು. ನಮ್ಮ ಪಾಯಿಂಟಪ್ಪ ಅಷ್ಟು ಕೆಟ್ಟವನಲ್ಲ. ಅವನು ಮಿಷನ್ನನ್ನು ಮನಸಾರೆ ನಂಬುತ್ತಾನೆ. ತನ್ನ ಮಣಿಕಟ್ಟು ತನಗೇ ತಿಳಿಯದಂತೆ ಕೂದಲೆಳೆಯಷ್ಟು ವಾಲುವುದರಿಂದ ಅದು ತಿರುಗುತ್ತದೆ ಎಂದರೆ ನೊಂದುಕೊಳ್ಳುತ್ತಾನೆ.

ಭೂಗರ್ಭಶಾಸ್ತ್ರ ಓದಿದವರೂ ಬರುತ್ತಾರೆ. ನೆಲಕ್ಕೆ ನಾಲ್ಕು ಕಂಬಿ ಹೊಡೆದು, ಕರೆಂಟು ಹರಿಸಿ, ರೋಧ ಅಳೆದು, ಕಲ್ಲಿನಲ್ಲಿ ಬಿರುಕು "ಇರಬಹುದು" ಅನ್ನುತ್ತಾರೆ. ಸಾಲ ಮಾಡಿ ಲಾರಿ ಕರೆಸುವವನಿಗೆ ಈ 'ಬಹುದು' ಯಾವ ಸಮಾಧಾನ ಕೊಟ್ಟೀತು? ಪಾಯಿಂಟಪ್ಪನ ಬಾಯಲ್ಲಿ ಆ ಮಾತೇ ಬರುವುದಿಲ್ಲ. ಅವನ ಬಂಡವಾಳ ಅದೇ.

ಮಾರನೆಯ ದಿನ ತಿರುಚೆಂಗೋಡಿನ ಲಾರಿ ಬರುತ್ತದೆ. ಚೀಟಿಯ ಅಂಕಿ ಹಾಕಿದರೆ ಬಾಣ ಪಕ್ಕದವರ ಬದುವಿನಾಚೆ ತೋರಿಸುತ್ತದೆ. ನಿನ್ನೆ ಇಟ್ಟ ಕಲ್ಲು ಇತ್ತಲೇ ಇದೆ. "ಕಲ್ಲು ಯಾರೋ ಸರಿಸವ್ರೆ" ಎನ್ನುತ್ತಾನೆ. ಕೊನೆಗೆ ಕಲ್ಲಿದ್ದ ಕಡೆಯೇ ತೋಡಿ, ಸಾವಿರದ ನೂರು ಅಡಿಗೂ ಬರೀ ಧೂಳು ಬಂದಾಗ, ಪಾಯಿಂಟ್ ಸರಿ ಇತ್ತು, ಲಾರಿಯವನು ಒಂದಡಿ ಪಕ್ಕಕ್ಕೆ ನಿಲ್ಲಿಸಿದ ಎಂದು ವರದಿ ಕೊಟ್ಟು ಬೈಕ್ ಹತ್ತುತ್ತಾನೆ.

ಅವನನ್ನು ಕರೆಸಲೇಬೇಡಿ ಎಂದರೆ ನೀವು ಕೇಳುವವರಲ್ಲ. ಕರೆಸಿ, ಆದರೆ ಅಕ್ಕಪಕ್ಕದ ಬೋರುಗಳಲ್ಲಿ ಎಷ್ಟಡಿಗೆ ನೀರು ಬಿತ್ತು ಎಂದೂ ವಿಚಾರಿಸಿಕೊಳ್ಳಿ. ಫೇಲಾದ ತೂತಿನ ಜಾಗವನ್ನೂ ಅದೇ ಜಿಪಿಎಸ್‌ನಲ್ಲಿ ಗುರುತು ಮಾಡಿಸಿ, ಮತ್ತೆ ಅಲ್ಲೇ ತೋಡಿಸುವುದಾದರೂ ತಪ್ಪುತ್ತದೆ. ಆಮೇಲೆ ಅದರ ಬಾಯಿಗೆ ಭದ್ರವಾಗಿ ಮುಚ್ಚಳ ಹಾಕಿಸಿ. ಮಕ್ಕಳು ಓಡಾಡುವ ಜಾಗ.