ಕಾರಿನ ಟಿಸಿ ಸರ್ಕಾರದ್ದು, ಬೋರಿನ ಟಿಸಿ ನಿಂದು

ನಕ್ಷೆ ಸಿದ್ಧವಿದೆ. ನಮ್ಮ ದೇಶದಲ್ಲಿ ನಕ್ಷೆ ಯಾವತ್ತೂ ತಡವಾದದ್ದಿಲ್ಲ.

ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರ್‌ನಲ್ಲೇ ಹೇಳಿಬಿಟ್ಟಿತು: ನಗರದಲ್ಲಿ ಪ್ರತಿ 3 ಕಿಲೋಮೀಟರ್ ಚೌಕಕ್ಕೊಂದು ಚಾರ್ಜಿಂಗ್ ಕೇಂದ್ರ, ಹೆದ್ದಾರಿಯಲ್ಲಿ ಎರಡೂ ಬದಿಗೆ 25 ಕಿಲೋಮೀಟರಿಗೊಂದು. ಆ ಚೌಕಗಳು ತುಂಬಿದವೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. 2024ರಲ್ಲಿ ಹೊಸ ಮಾರ್ಗಸೂಚಿ ಬಂತು. ಈಗ ನಗರದಲ್ಲಿ 1 ಕಿಲೋಮೀಟರ್ ಚೌಕ, ಹೆದ್ದಾರಿಯಲ್ಲಿ 20 ಕಿಲೋಮೀಟರ್. ಹಳೆಯ ಗುರಿ ಮುಟ್ಟಲಾಗದಿದ್ದರೆ ಅದಕ್ಕಿಂತ ದೊಡ್ಡ ಗುರಿ ಇಟ್ಟುಕೊಳ್ಳುವುದು. ಎಸ್ಸೆಸ್ಸೆಲ್ಸಿ ಫೇಲಾದವನು ನೇರ ಐಎಎಸ್‌ಗೆ ಅರ್ಜಿ ಗುಜರಾಯಿಸಿದ ಹಾಗೆ.

ಕರ್ನಾಟಕಕ್ಕಂತೂ ಇದರಲ್ಲಿ ಹಿರಿಮೆ. ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಲ್ಲೂ ನಾವೇ ಮುಂದೆ, 5 ಸಾವಿರ ದಾಟಿ ಹೋದೆವು. ಈ ಸಂಖ್ಯೆ ಹೇಳುವಾಗ ಸಚಿವರ ಎದೆ ಉಬ್ಬುತ್ತದೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದೆ ಎನ್ನುವಾಗ ಅದೇ ಸಚಿವರಿಗೆ ಕೆಮ್ಮು ಬರುತ್ತದೆ. ಉಳಿದ ಚೂರುಪಾರು ಬೀದರ್‌ನಿಂದ ಚಾಮರಾಜನಗರದವರೆಗೆ ಹಂಚಿಕೊಳ್ಳಿ. ಜಗಳ ಆಡಬೇಡಿ.

ಬೆಳಗಾವಿ ಕಡೆಯ ನಮ್ಮ ಪಾಲಿಗೆ ಬಂದದ್ದು ಕ್ರಾಸುಗಳು.

ಹೆದ್ದಾರಿ ಕೂಡುವಲ್ಲಿ ಫಾಸ್ಟ್ ಚಾರ್ಜರ್ ಹಾಕಬೇಕು ಎನ್ನುವುದು ಈ ಕಾಲದ ವೇದವಾಕ್ಯ. ಕಂಪ್ಯೂಟರಿನ ಮುಂದೆ ಕೂತವರು ನಾಲ್ಕು ರಸ್ತೆ ಸೇರುವ ಕಡೆಗೆಲ್ಲ ಹಸಿರು ಚುಕ್ಕೆ ಇಡುತ್ತಾರೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಕಿತ್ತೂರು ಕ್ರಾಸ್, ಒಂದು ಚುಕ್ಕೆ. ಎಂ.ಕೆ. ಹುಬ್ಬಳ್ಳಿ, ಇನ್ನೊಂದು. ಒಳಗೆ ಬಂದರೆ ಯರಗಟ್ಟಿ, ಮತ್ತೊಂದು. ಅಲ್ಲಿ ದಿನಕ್ಕೆ ಎಷ್ಟು ವಾಹನ ಹಾಯುತ್ತವೆ ಎಂದು ಎಣಿಸಿದರಾಯಿತು. ಹಾಯುವವರು ನಿಲ್ಲುತ್ತಾರೆಯೇ ಎಂಬುದು ಎಣಿಕೆಯ ಕಾಲಮ್ಮಿನಲ್ಲಿಲ್ಲ.

ಈ ಪ್ರಭುಗಳು ಒಮ್ಮೆ ನಮ್ಮ ಕ್ರಾಸಿಗೆ ಬಂದು ಮುಕ್ಕಾಲು ಗಂಟೆ ನಿಲ್ಲಲಿ. ಕಾರು ಚಾರ್ಜ್ ಆಗಲು ಅಷ್ಟು ಹೊತ್ತು ಬೇಕಲ್ಲ. ಒಂದು ಚಹಾದ ಗಾಡಿ, ಒಂದು ಪಂಕ್ಚರ್ ಅಂಗಡಿ, ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ನೆರಳಿಲ್ಲ. ಶೌಚಾಲಯ ಇಲ್ಲ. ಹೆಂಗಸರು ಎಲ್ಲಿ ಹೋಗಬೇಕೆಂದು ಕೇಳಿದರೆ ಚಹಾದವನು ಜೋಳದ ಹೊಲ ತೋರಿಸುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳ ಸಾಲು. ಅದರ ಮಧ್ಯೆ 25 ಲಕ್ಷದ ಕಾರು ವಯರು ಸಿಕ್ಕಿಸಿಕೊಂಡು ನಿಂತಿರಬೇಕು. ಧೂಳಿಗೆ ಅದರ ಬಣ್ಣ ಯಾವುದೆಂದು ಮಾಲೀಕನಿಗೇ ಮರೆತುಹೋಗುತ್ತದೆ.

ಸರಿ, ಧೂಳು ಒರೆಸಿಕೊಳ್ಳಬಹುದು. ಕರೆಂಟು?

60 ಕಿಲೋವಾಟಿನ ಒಂದು ಫಾಸ್ಟ್ ಚಾರ್ಜರ್ ಎಂದರೆ 10 ಎಚ್‌ಪಿಯ ಎಂಟು ಪಂಪ್‌ಸೆಟ್ಟು ಒಟ್ಟಿಗೆ ಎಳೆಯುವಷ್ಟು ಹೊರೆ. ನಮ್ಮ ಹೊಲಗಳ ಬದುವಿನಲ್ಲಿ ಎರಡು ಕಂಬಗಳ ಮೇಲೆ ಕೂತಿರುವ 63 ಕೆವಿಎ ಟ್ರಾನ್ಸ್‌ಫಾರ್ಮರ್, ನಮ್ಮ ಬಾಯಲ್ಲಿ ಟಿಸಿ, ಇಡೀ ತನ್ನನ್ನೇ ಧಾರೆ ಎರೆದರೂ ಅದಕ್ಕೆ ಸಾಲುವುದಿಲ್ಲ. ಒಬ್ಬ ಅಪರಿಚಿತ ಪುಣೆಯಿಂದ ಬೆಂಗಳೂರಿಗೆ ಹೋಗುತ್ತ ಕಾಫಿ ಹೀರುವ ಹೊತ್ತಿನಲ್ಲಿ ಎಂಟು ಹೊಲಗಳ ಶಕ್ತಿ ಒಂದು ಬ್ಯಾಟರಿಗೆ ಇಳಿಯುತ್ತದೆ. ಇಳಿಯಲಿ. ನಮಗೆ ಕಾರಿನ ಮೇಲೆ ಹಗೆ ಇಲ್ಲ. ಪೆಟ್ರೋಲಿನ ಹೊಗೆ ಕುಡಿಯುವ ಹರಕೆಯನ್ನೂ ನಾವು ಹೊತ್ತಿಲ್ಲ. ಚಾರ್ಜರಿಗೆ ಪ್ರತ್ಯೇಕ ಟಿಸಿ ಹಾಕುತ್ತೇವೆ, ರೈತರ ಲೈನು ಮುಟ್ಟುವುದಿಲ್ಲ ಎನ್ನುತ್ತಾರೆ. ಒಳ್ಳೆಯದು. ಆ ಪ್ರತ್ಯೇಕ ಟಿಸಿಗೆ ದುಡ್ಡು ಯಾರದು ಎಂದು ಕೇಳಿ ನೋಡಿ. ಅಲ್ಲಿದೆ ಮಜಾ.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದೇ 2,000 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಹೆದ್ದಾರಿಯ ಚಾರ್ಜರಿನ ಹಿಂದೆ ಬೇಕಾಗುವ ಟಿಸಿ, ಕೇಬಲ್, ಕಂಬದ ಖರ್ಚಿನಲ್ಲಿ 100ಕ್ಕೆ 80ರವರೆಗೆ ಸರ್ಕಾರವೇ ಕೊಡುತ್ತದೆ. ಹಸಿರು ಭವಿಷ್ಯ, ಕೊಡಲೇಬೇಕು.

ಈಗ ಕ್ರಾಸಿನಿಂದ ಮೂರು ಫರ್ಲಾಂಗು ಒಳಗೆ ನಡೆಯಿರಿ. 2023ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿತು. ಇನ್ನು ಹೊಸ ಪಂಪ್‌ಸೆಟ್ಟಿಗೆ ಸಂಪರ್ಕ ಬೇಕೆನ್ನುವ ರೈತ ಕಂಬ, ತಂತಿ, ಟಿಸಿ ಎಲ್ಲವನ್ನೂ ತನ್ನ ದುಡ್ಡಿನಲ್ಲೇ ಹಾಕಿಸಿಕೊಳ್ಳಬೇಕು. ಹೆಸರು ಚೆಂದ: ಶೀಘ್ರ ಸಂಪರ್ಕ ಯೋಜನೆ. ಶೀಘ್ರವಾದದ್ದು ಸರ್ಕಾರ ಕೈ ತೊಳೆದುಕೊಂಡದ್ದು.

ಹಾಯ್ದುಹೋಗುವ ಕಾರಿಗೆ ಟಿಸಿ ಸರ್ಕಾರದ್ದು. ಇಲ್ಲೇ ಹುಟ್ಟಿ ಇಲ್ಲೇ ಸಾಯುವ ಬೋರಿಗೆ ಟಿಸಿ ಸ್ವಂತದ್ದು. ಒಂದೇ ಕ್ರಾಸು, ಒಂದೇ ಲೈನು, ಒಂದೇ ಎಸ್ಕಾಂ. ಒಂದು ಕಡೆ ಅದಕ್ಕೆ ಹೂಡಿಕೆ ಎನ್ನುತ್ತಾರೆ, ಇನ್ನೊಂದು ಕಡೆ ಹೊರೆ ಎನ್ನುತ್ತಾರೆ. ಇಬ್ಬರ ಟಿಸಿಯನ್ನೂ ಕಂಬ ಹತ್ತಿ ಕೂರಿಸುವ ಹುಡುಗರು ಮಾತ್ರ ಅವರೇ.

ಆ ಟಿಸಿ ಸುಟ್ಟರೆ? ಸುಡುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಎರಡನೆಯ ಕ್ಷೇಮಸಮಾಚಾರವೇ ಅದು. ‘ಆರಾಮ ಅದೀರೇನ್ರಿ’ ಆದಮೇಲೆ ‘ಟಿಸಿ ಸುಟ್ಟೈತೇನ್ರಿ’. ವಿದ್ಯುತ್ ನಿಯಂತ್ರಣ ಆಯೋಗದ ನಿಯಮದ ಪ್ರಕಾರ ಸುಟ್ಟ ಟಿಸಿಯನ್ನು ನಗರದಲ್ಲಾದರೆ 24 ಗಂಟೆಯೊಳಗೆ ಬದಲಿಸಬೇಕು, ಹಳ್ಳಿಯಲ್ಲಾದರೆ 72 ಗಂಟೆಯೊಳಗೆ. ಹಳ್ಳಿಯವನಿಗೆ ತಾಳ್ಮೆ ಜಾಸ್ತಿ ಎಂದು ಆಯೋಗ ಬರೆದುಕೊಟ್ಟಿದೆ. ನಿಯಮದ ಪುಸ್ತಕದಲ್ಲಿ 72. ಹೊಲದಲ್ಲಿ ಎಷ್ಟೆಂದು ರಾಮದುರ್ಗದ ಯಾವ ರೈತನನ್ನಾದರೂ ಕೇಳಿ. ಹಳೆಯ ಟಿಸಿ ಇಳಿಸಲು ಟ್ರ್ಯಾಕ್ಟರ್ ಯಾರದು, ಡೀಸೆಲ್ ಯಾರದು ಎಂಬುದನ್ನೂ ಅವನೇ ಹೇಳುತ್ತಾನೆ, ಇಬ್ಬರೇ ಇದ್ದಾಗ.

2023ರ ಬರಗಾಲ ನೆನಪಿದೆಯೇ? ಆ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ 5 ಗಂಟೆ ಕೊಡುತ್ತೇವೆಂದು ಸರ್ಕಾರ ಉದಾರವಾಗಿ ಸಾರಿತು. ಕೊಡಬೇಕಿದ್ದದ್ದು 7. ರಾತ್ರಿ ಪಾಳಿ ಬಂದವನು ಚಳಿಯಲ್ಲಿ ಹಾವಿನ ಜೊತೆ ನೀರು ಹಾಯಿಸಿದ. ಹೆದ್ದಾರಿಯ ಚಾರ್ಜರಿಗೂ ಪಾಳಿ ಹಚ್ಚಿ ನೋಡೋಣ. ಬೆಳಗಿನ ಜಾವ ಎರಡರಿಂದ ಆರರವರೆಗೆ ಮಾತ್ರ ಚಾರ್ಜಿಂಗ್, ಬ್ಯಾಟರಿ ತಂದು ಸಾಲಿನಲ್ಲಿ ನಿಲ್ಲಿ ಎಂದು ಬೋರ್ಡು ಬರೆಯಿರಿ. ಮಾರನೆಯ ದಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಸಂಪಾದಕೀಯ ಬರದಿದ್ದರೆ ಕೇಳಿ.

ತೆರಿಗೆಯ ಕಥೆ ಇನ್ನೂ ಸೊಗಸು. ಎಲೆಕ್ಟ್ರಿಕ್ ಕಾರು ಕೊಂಡರೆ ಜಿಎಸ್‌ಟಿ ಶೇ 5, ಏಕೆಂದರೆ ಅದು ಪರಿಸರಸ್ನೇಹಿ. ಅದೇ ಕಾರನ್ನು ಸಾರ್ವಜನಿಕ ಚಾರ್ಜರಿಗೆ ಹಚ್ಚಿದರೆ ಜಿಎಸ್‌ಟಿ ಶೇ 18. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ಹಾಗಾದರೆ ಚಾರ್ಜರಿನಲ್ಲಿ ಹರಿಯುವುದೇನು, ಕರೆಂಟಲ್ಲವೇ? ಮೈಸೂರಿನ ಚೆಸ್ಕಾಂ ಇದನ್ನೇ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಕೇಳಿತು. ಸರ್ಕಾರದ ಕಂಪನಿ ಸರ್ಕಾರದ ಪ್ರಾಧಿಕಾರವನ್ನು ಕೇಳಿತು, ನೆನಪಿರಲಿ. 2023ರಲ್ಲಿ ಉತ್ತರ ಬಂತು: ಅದು ಸೇವೆ, 18 ಕಟ್ಟಿ. ಕಾರು ಕೊಳ್ಳುವತನಕ ನೀನು ಭೂಮಿಯನ್ನು ಉಳಿಸುವವನು. ಕೊಂಡಮೇಲೆ ನೀನೂ ಗಿರಾಕಿ.

ವಸೂಲಿಯ ಹಳೆಯ ಕಥೆಯೂ ಇಲ್ಲೊಂದಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಪ್ರಾಣ ಬಿಟ್ಟದ್ದು ಕಿತ್ತೂರಿನ ಕೋಟೆಯ ಮುಂದೆ. ಖಜಾನೆಗೆ ಬೀಗ ಹಾಕಲು ಬಂದಿದ್ದ ಪಾಪ. ಈಗಿನವರು ಜಾಣರು, ಬಿಲ್ಲಿನ ಕೆಳಗೆ ಒಂದು ಸಾಲು ಸೇರಿಸುತ್ತಾರೆ ಅಷ್ಟೆ. ಪ್ರತಿ ಅಕ್ಟೋಬರ್‌ನಲ್ಲಿ ಉತ್ಸವಕ್ಕೆ ಬಂದು ರಾಣಿ ಚೆನ್ನಮ್ಮನ ಪ್ರತಿಮೆಗೆ ಹಾರವನ್ನೂ ಹಾಕುತ್ತಾರೆ. 2021ರಲ್ಲಿ ಮುಂಬೈ ಕರ್ನಾಟಕ ಎಂಬ ಹೆಸರು ಅಳಿಸಿ ಕಿತ್ತೂರು ಕರ್ನಾಟಕ ಎಂದು ಬರೆದರು. ಬೋರ್ಡಿಗೆ ಟಿಸಿ ಬೇಕಾಗಿರಲಿಲ್ಲ, ಕೆಲಸ ಬೇಗ ಮುಗಿಯಿತು. ಧಾರವಾಡದಿಂದ ಕಿತ್ತೂರಿನ ಮೇಲೆ ಬೆಳಗಾವಿಗೆ ನೇರ ರೈಲು ಮಾರ್ಗ 2020ರಲ್ಲೇ ಮಂಜೂರಾಗಿದೆ. ರೈಲು ಇವತ್ತಿಗೂ ಲೋಂಡಾ ಸುತ್ತಿಯೇ ಹೋಗುತ್ತದೆ. ಕಿತ್ತೂರಿಗೆ ರೈಲು ಬರುವ ಮುಂಚೆ ಫಾಸ್ಟ್ ಚಾರ್ಜರ್ ಬರುತ್ತದಂತೆ. ಯಾವುದು ಮೊದಲು ಬಂದರೂ ಉದ್ಘಾಟನೆ ಎರಡೆರಡು ಸಲ ಆಗುವುದು ಖಂಡಿತ.

ಸವದತ್ತಿಗೆ ಹೋಗೋಣ. ಅಲ್ಲಿ ಈ ನಾಟಕ ಗುಡ್ಡ ಹತ್ತಿ ನಿಂತಿದೆ.

ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗಾಳಿ ನಮ್ಮದು, ಗುಡ್ಡ ನಮ್ಮದು, ರೆಕ್ಕೆಯ ನೆರಳು ನಮ್ಮ ಹೊಲದ ಮೇಲೆ. ಕರೆಂಟು ಎತ್ತರದ ತಂತಿಯಲ್ಲಿ ನಮ್ಮ ತಲೆಯ ಮೇಲೆಯೇ ದಾಟಿ ಹೋಗುತ್ತದೆ. ಇದು ಸಾಲದೆಂದು ನವಿಲುತೀರ್ಥದ ರೇಣುಕಾಸಾಗರದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಇಳಿಸಿ ವಿದ್ಯುತ್ ತೆಗೆಯುವ ಸಾವಿರ ಮೆಗಾವಾಟ್ ಮೀರಿದ ಖಾಸಗಿ ಯೋಜನೆಯನ್ನೂ ಇಲ್ಲಿಗೇ ತಂದಿದ್ದಾರೆ. ನೀರಿನ ಬ್ಯಾಟರಿ ಎಂದು ಅದನ್ನು ಹೊಗಳುತ್ತಾರೆ. ದೇಶಕ್ಕೆ ಬೇಕಾದ ಬ್ಯಾಟರಿ ಇಡಲು ಸವದತ್ತಿ ಸರಿಯಾದ ಜಾಗ. ಸವದತ್ತಿಯವನು ತನ್ನ ಬ್ಯಾಟರಿ ತುಂಬಿಸಲು ಹೆದ್ದಾರಿಗೆ ಹೋಗಬೇಕು, ಅಲ್ಲಿ ಕ್ರಾಸ್ ಇದೆ.

ನಿಜಕ್ಕೂ ಚಾರ್ಜರ್ ಎಲ್ಲಿ ಬೇಕು ಎಂದು ಯಾರಾದರೂ ಕೇಳಿದ್ದರೆ ಯಲ್ಲಮ್ಮನ ಗುಡ್ಡದ ಬಳೆ ಮಾರುವವಳೂ ಹೇಳುತ್ತಿದ್ದಳು. ಜನ ಎಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೋ ಅಲ್ಲಿ. ಭಾರತ ಹುಣ್ಣಿಮೆಗೆ ಲಕ್ಷಗಟ್ಟಲೆ ಮಂದಿ ಬರುತ್ತಾರೆ, ಕೊಲ್ಲಾಪುರ, ಸಾಂಗಲಿಯಿಂದಲೂ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಪಡ್ಡಲಗಿ ತುಂಬಿಸಿ, ಅಡುಗೆ ಮಾಡಿ ಉಂಡು, ನಿದ್ದೆ ಮಾಡಿ ಹೋಗುತ್ತಾರೆ. ಅಲ್ಲಿ ಸಾದಾ ಚಾರ್ಜರ್ ಹಾಕಿದರೂ ಸಾಕು, ರಾತ್ರಿ ಕಳೆಯುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತದೆ. ಗುಡ್ಡದ ಅಭಿವೃದ್ಧಿಗೆ ಕೇಂದ್ರ 2024ರಲ್ಲಿ 100 ಕೋಟಿ ಮಂಜೂರು ಮಾಡಿತು. ಕಮಾನು, ಕಟ್ಟಡ ಏಳುತ್ತವೆ. ವಾಹನ ನಿಲ್ಲುವ ಕಡೆ ನಾಲ್ಕು ಪ್ಲಗ್ಗು ಇರುತ್ತವೆಯೇ ಎಂದು ಕೇಳಿದರೆ, ಅದು ಬೇರೆ ಇಲಾಖೆ.

ಬೈಲಹೊಂಗಲದ ಎಪಿಎಂಸಿ, ಕೋರ್ಟು, ತಾಲ್ಲೂಕು ಆಸ್ಪತ್ರೆ, ಬಸ್ ನಿಲ್ದಾಣ: ಇಲ್ಲೆಲ್ಲ ಜನ ಕಾಯುತ್ತಾರೆ. ಕೋರ್ಟಿನಲ್ಲಂತೂ ವರ್ಷಗಟ್ಟಲೆ ಕಾಯುತ್ತಾರೆ. ಇವು ಯಾವುವೂ ಹೆದ್ದಾರಿಯ ಚುಕ್ಕೆಗಳಲ್ಲ.

ಇನ್ನೊಂದು ಸಣ್ಣ ಸಂಗತಿ. 2024ರಲ್ಲಿ ದೇಶದಲ್ಲಿ ಮಾರಾಟವಾದ ಎಲೆಕ್ಟ್ರಿಕ್ ವಾಹನಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಎರಡು ಮತ್ತು ಮೂರು ಗಾಲಿಯವು. ನಮ್ಮ ತಾಲ್ಲೂಕುಗಳಲ್ಲೂ ಎಲೆಕ್ಟ್ರಿಕ್ ಎಂದರೆ ಸ್ಕೂಟರು. ಹಾಲಿನ ಕ್ಯಾನು ನೇತುಹಾಕಿಕೊಂಡ ಸ್ಕೂಟರು, ಶಾಲೆಯ ಮೇಡಮ್ಮರ ಸ್ಕೂಟರು. ಕಾರಿನ ಫಾಸ್ಟ್ ಚಾರ್ಜರಿನ ದಪ್ಪ ಗನ್ನು ಆ ಸ್ಕೂಟರಿಗೆ ಸೇರುವುದೇ ಇಲ್ಲ. ಅವರು ಮನೆಯಲ್ಲಿ ಮೊಬೈಲ್ ಚಾರ್ಜಿಗೆ ಹಾಕಿದ ಹಾಗೆ ಹಾಕಿಕೊಳ್ಳುತ್ತಾರೆ, ಸಿಂಗಲ್ ಫೇಸ್ ಇದ್ದರೆ. ಬೆಂಗಳೂರಿನ ಬಿಎಂಟಿಸಿಯಲ್ಲಿ ಸಾವಿರಕ್ಕೂ ಮಿಕ್ಕಿ ಎಲೆಕ್ಟ್ರಿಕ್ ಬಸ್ಸು ಓಡುತ್ತಿವೆ, ಇನ್ನೂ 4,500 ಕೇಂದ್ರ ಹಂಚಿದೆ. ಇಲ್ಲಿ ಯಲ್ಲಮ್ಮನಿಗೆ ಹರಕೆ ಹೊತ್ತವರು ಹೊಗೆ ಉಗುಳುವ ಕ್ರೂಸರಿನ ಹಿಂಬಾಗಿಲಿಗೆ ಜೋತು ಬೀಳುತ್ತಾರೆ. ಅವರ ಹಸಿರು ಭವಿಷ್ಯ ಭಂಡಾರದಲ್ಲೇ ಮುಗಿಯುತ್ತದೆ, ಅದೂ ಹಳದಿ.

2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಇನ್ನೊಂದು ನೀತಿ ಬಿಡುಗಡೆಯಾಯಿತು. ಸ್ವಚ್ಛ ಸಂಚಾರ ನೀತಿ. 50 ಸಾವಿರ ಕೋಟಿ ಹೂಡಿಕೆ, 1 ಲಕ್ಷ ಉದ್ಯೋಗ. ನೀತಿ ಓದಿದವರೆಲ್ಲ ಚಳಿಗಾಲಕ್ಕೆ ಬೆಳಗಾವಿಗೆ ಬರುತ್ತಾರೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣಸೌಧ ಇದೇ ಹೆದ್ದಾರಿಯ ಪಕ್ಕದಲ್ಲಿದೆ. ಅಧಿವೇಶನಕ್ಕೆ ಹೊರಟ ಬೆಂಗಾವಲಿನ ಸಾಲು ಕಿತ್ತೂರು ಕ್ರಾಸ್ ದಾಟಿದ ಮೇಲೂ ಡೀಸೆಲ್ ವಾಸನೆ ಹತ್ತು ನಿಮಿಷ ಚಹಾದ ಗಾಡಿಯ ಸುತ್ತ ಇರುತ್ತದೆ.

ಈ ಸಲ ಅವರು ಬೆಂಗಳೂರಿನಿಂದ ಎಲೆಕ್ಟ್ರಿಕ್ ಕಾರಿನಲ್ಲೇ ಬರಲಿ. ಬೆಂಗಾವಲು ಬೇಡ, ಸೈರನ್ ಬೇಡ. ಕಿತ್ತೂರು ಕ್ರಾಸಿಗೆ ಬರುವ ಹೊತ್ತಿಗೆ ಬ್ಯಾಟರಿ ಶೇ 5ಕ್ಕೆ ಇಳಿದಿರಲಿ. ಅಲ್ಲಿ ಟಿಸಿ ಸುಟ್ಟಿದ್ದರೆ ಗಾಬರಿ ಬೇಡ, ಹಳ್ಳಿಯ ಲೆಕ್ಕದಲ್ಲಿ 72 ಗಂಟೆ ಅಷ್ಟೆ, ಕಾಯಲಿ. ಅಧಿವೇಶನದ ಮೊದಲ ಮೂರು ದಿನ ಹೋದೀತು. ಉತ್ತರ ಕರ್ನಾಟಕದ ಚರ್ಚೆ ಹೇಗೂ ಕೊನೆಗೇ ಇಟ್ಟಿರುತ್ತಾರೆ, ತಪ್ಪುವ ಭಯವಿಲ್ಲ.